‘ಇಲ್ಲ’ ಎಂದ ಮಗು

ಶ್ರೀ ಹಾಲುರಾಮೇಶ್ವರನ ಕೃಪೆ

ವಿಶಾಖಪಟ್ಟಣ
9 ಅಕ್ಟೋಬರ್ 2024

ಸೌಭಾಗ್ಯವತಿ ಜಲಜಾಗೆ,

ನಿನ್ನ ಅತ್ತಿಗೆ ಗಿರಿಜಾ ಬರೆಯುತ್ತಿದ್ದೇನೆ. ನನ್ನ ಅಕ್ಷರದ ಗುರುತು ನಿನಗೆ ಮರೆತಿರಬಹುದೆಂದು ಹೆಸರು ಮೊದಲೇ ಹೇಳಿಬಿಟ್ಟೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು “ಊಟ ಆಯ್ತಾ ಅತ್ತಿಗೆ?” ಅನ್ನುತ್ತೀಯ, ನಾನು “ಆಯ್ತು ಕಣಮ್ಮ, ನಿಂದು?” ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಇಪ್ಪತ್ಮೂರು ವರ್ಷದಿಂದ ಊಟದ ವಿಷಯ ಬಿಟ್ಟು ನಾವು ಬೇರೆ ಏನು ಮಾತಾಡಿದ್ದೇವೆ ಹೇಳು. ಅದಕ್ಕೇ ಇನ್‌ಲ್ಯಾಂಡ್ ಲೆಟರ್ ತರಿಸಿದೆ. ತಂದುಕೊಟ್ಟ ನಿಮ್ಮಣ್ಣ, “ಯಾವ ಮಹಾರಾಣಿಗೆ ಓಲೆ?” ಎಂದು ಕೇಳಿದರು. “ನಿಮ್ಮ ತಂಗಿಗೆ” ಅಂದೆ. ತಾವೇ ಪೆನ್ನು ಹುಡುಕಿ ತಂದುಕೊಟ್ಟರು.

ನಾನು ಕೆಲಸಕ್ಕೆ ಹೋಗುವುದು ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಟೌನ್‌ಶಿಪ್ಪಿನ ಗೇಟು ದಾಟಿದರೆ ಒಂದು ಸಣ್ಣ ಕೇಂದ್ರವಿದೆ. ನಡಿಗೆ, ಮಾತು, ಕೇಳುವುದು ತಡವಾದ ಎಳೆ ಮಕ್ಕಳಿಗೆ ಅಲ್ಲಿ ಆಟದಲ್ಲೇ ಪಾಠ. ಎರಡು ವರ್ಷ ಆಯಾ ಆಗಿದ್ದೆ, ನೆಲ ಒರೆಸಿದೆ, ಮಕ್ಕಳ ಮೂಗು ಒರೆಸಿದೆ. ಈಗ ಮಕ್ಕಳ ಜೊತೆ ಕೂರುವ ಸಹಾಯಕಿ ಮಾಡುತ್ತೇವೆ, ಅದಕ್ಕೆ ಮೊಬೈಲಿನಲ್ಲಿ ಹತ್ತು ಪಾಠ ಮುಗಿಸಬೇಕು ಅಂದರು. ಇಂಥ ಕೆಲಸ ಮಾಡುವವರಿಗೆಂದೇ ಒಂದು ವೆಬ್‌ಸೈಟು ಇದೆಯಂತೆ. ವಿಡಿಯೋ, ಮನೆಯಲ್ಲಿ ಆಡಿಸುವ ಆಟದ ಹಾಳೆ, ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಪಟ್ಟಿ, ಎಲ್ಲ ಅದರಲ್ಲಿ.

ನಮ್ಮ ಕೇಂದ್ರದ ಉಷಶ್ರೀ ಮೇಡಂ ಫೋನನ್ನು ನೀರಿನ ಬಾಟಲಿಗೆ ಆನಿಸಿಟ್ಟು ಪಾಠ ಒಂದು ಹಾಕಿದಳು. ಹಸಿರು ಸೀರೆಯ ಹೆಂಗಸು ನೆಲದ ಮೇಲೆ ಕೂತು ತೆಲುಗಿನಲ್ಲಿ ಹೇಳುತ್ತಿದ್ದಳು. “ಮಗುವಿನ ಮುಂದೆ ನಿಂತುಕೊಂಡು ಮಾತಾಡಬೇಡಿ. ಮೊದಲು ಕೂತುಕೊಳ್ಳಿ. ನಿಮ್ಮ ಮುಖ ಅದರ ಮುಖದ ಎತ್ತರಕ್ಕೆ ಬರಲಿ.” ತೆಲುಗೇನೋ ತೆಲುಗೇ, ಆದರೆ ಎಳೆಯುವುದು ಮಾತ್ರ ನಮ್ಮ ಹೊಸದುರ್ಗದ ಎಳೆತ! “ಅಯ್ಯೋ, ನನ್ನ ನಾದಿನಿ!” ಎಂದು ಕೂಗಿಬಿಟ್ಟೆ. ಉಷಶ್ರೀ “ನಿಜಂಗಾನಾ ಅಂಡಿ?” ಎಂದು ನಕ್ಕಳು. ನಂಬಲಿಲ್ಲ. ಹಳೆಯ ಮದುವೆ ಫೋಟೋ ತೋರಿಸಿದ ಮೇಲೆ ನಂಬಿದಳು.

ಆವತ್ತಿನಿಂದ ದಿನವೂ ನಿನ್ನ ದನಿ ಕೇಳುತ್ತೇನೆ. ಮಗುವನ್ನು ಏನಾದರೂ ಕೇಳಿದ ಮೇಲೆ ಐದು ಎಣಿಸುವವರೆಗೆ ಸುಮ್ಮನಿರಿ ಎನ್ನುತ್ತೀಯಲ್ಲ, ನಾನು ಐದು ಎಣಿಸುವ ಬದಲು ಮನಸ್ಸಿನಲ್ಲಿ ‘ನಮಃ ಶಿವಾಯ’ ಎಂದುಕೊಳ್ಳುತ್ತೇನೆ. ಲೆಕ್ಕ ಸರಿಯಾಗಿ ಕೂರುತ್ತದೆ. ಒಂದು ಗಂಡು ಮಗು ಆರು ವಾರ ನನ್ನ ಕಡೆ ನೋಡಿರಲಿಲ್ಲ, ನಿನ್ನೆ ಹಾಗೆ ಕಾದು ಕೂತಾಗ ನೋಡಿತು. ನೀನಿರುವ ದಿಕ್ಕಿಗೆ ಕೈ ಮುಗಿದೆ.

ಹಳೆಯ ತಟ್ಟೆಯ ವಿಷಯ ಈ ಕಾಗದದಲ್ಲಿ ಬೇಡ.

ನಿನ್ನ ಅತ್ತಿಗೆ,
ಗಿರಿಜಾ


ವಿಜಯವಾಡ
22 ಅಕ್ಟೋಬರ್ 2024

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಪಾಠಗಳು ಉಪಯೋಗಕ್ಕೆ ಬಂದದ್ದು ಸಂತೋಷ. ಏನಾದರೂ ಸಂದೇಹವಿದ್ದರೆ ವೆಬ್‌ಸೈಟಿನ ಪ್ರಶ್ನೆ ಪೆಟ್ಟಿಗೆಯಲ್ಲಿ ಬರೆದು ಹಾಕಬಹುದು, ನಮ್ಮವರು ಯಾರಾದರೂ ಉತ್ತರ ಕೊಡುತ್ತಾರೆ. ದಿನಕರ್ ನಿಮಗೂ ಅಣ್ಣನಿಗೂ ನಮಸ್ಕಾರ ತಿಳಿಸಿದ್ದಾರೆ. ಪ್ರಮೋದನಿಗೆ ಆಶೀರ್ವಾದ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಜಲಜಾ


ವಿಶಾಖಪಟ್ಟಣ
4 ನವೆಂಬರ್ 2024

ಪ್ರೀತಿಯ ಜಲಜಾ,

ನಾಲ್ಕು ಸಾಲು ಬರೆದು ಕೊನೆಗೆ ಊಟಕ್ಕೇ ಬಂದೆಯಲ್ಲ! ಇರಲಿ, ಬರೆದೆಯಲ್ಲ, ಅದೇ ನನಗೆ ದೀಪಾವಳಿ. ಕಾಗದವನ್ನು ದೇವರ ಮುಂದೆ ಇಟ್ಟಿದ್ದೇನೆ. ನಿಮ್ಮಣ್ಣ ಅದಕ್ಕೂ ಕುಂಕುಮ ಹಚ್ಚುತ್ತೀಯೇನೆ ಎಂದರು.

ನಿಮ್ಮ ಪ್ರಶ್ನೆ ಪೆಟ್ಟಿಗೆಯಲ್ಲಿ ಬರೆಯುವುದು ನನಗೆ ಬಾರದು. ಅದರಲ್ಲಿ ಕನ್ನಡದ ಅಕ್ಷರ ಮೂಡುವುದೇ ಇಲ್ಲ. ಮೂಡಿದರೂ ಯಾರೋ ಉತ್ತರ ಕೊಡುವ ವಿಷಯವಲ್ಲ ಇದು.

ಕೇಂದ್ರಕ್ಕೆ ಚೈತನ್ಯಾ ಎಂಬ ಹೆಣ್ಣು ಮಗು ಬರುತ್ತದೆ. ಎರಡು ವರ್ಷ ನಾಲ್ಕು ತಿಂಗಳು. ಕಣ್ಣು ದೊಡ್ಡದು, ತಲೆ ತುಂಬ ಸುರುಳಿ ಕೂದಲು. ತಂದೆ ವಿನಾಯಕ ಬ್ಯಾಂಕಿನಲ್ಲಿ ಆಫೀಸರು, ದಾವಣಗೆರೆಯಿಂದ ವರ್ಗವಾಗಿ ಬಂದವರು. ತಾಯಿ ಪ್ರೇರಣಾ. ಕನ್ನಡದವರು ಎಂದು ಗೊತ್ತಾದಾಗ ನನಗೆ ತವರಿನವರನ್ನು ಕಂಡಂತಾಯಿತು. ಹೋಗಿ “ಯಾವ ಬೀದಿಯಮ್ಮ ದಾವಣಗೆರೆಯಲ್ಲಿ?” ಎಂದು ಕೇಳಿದರೆ ಆ ಹುಡುಗಿ ಸುತ್ತ ನೋಡಿ, ಗೋಡೆಯ ಕಡೆ ಕೈ ಮಾಡಿ, ತುಟಿಯ ಮೇಲೆ ಬೆರಳಿಟ್ಟಳು.

ಗೋಡೆಯ ಮೇಲೆ ನಿಮ್ಮ ಪಾಠ ನಾಲ್ಕರ ಹಾಳೆ ಅಂಟಿಸಿದೆ. ‘ಮಗುವಿನೊಡನೆ ಒಂದೇ ಭಾಷೆಯಲ್ಲಿ ಮಾತನಾಡಿ. ಬೇರೆ ಭಾಷೆ ಬೆರೆಸಬೇಡಿ’ ಎಂದು ತೆಲುಗಿನಲ್ಲಿದೆ. ಇಲ್ಲಿಯ ಶಾಲೆ ತೆಲುಗು, ಕೇಂದ್ರ ತೆಲುಗು, ಹಾಗಾಗಿ ಆ ಒಂದು ಭಾಷೆ ತೆಲುಗೇ ಆಗಲಿ ಎಂದು ಉಷಶ್ರೀ ಹೇಳಿದ್ದಾಳೆ. ಪ್ರೇರಣಾ ಇಲ್ಲಿಗೆ ಬಂದು ಎಂಟು ತಿಂಗಳು. ಅವಳಿಗೆ ಬರುವ ತೆಲುಗು ‘ಎಂತ’, ‘ವದ್ದು’, ‘ಸರೇ’, ಅಂದರೆ ಎಷ್ಟು, ಬೇಡ, ಸರಿ, ಮೂರೇ ಮಾತು. ಮಗುವಿನ ಜೊತೆ ಮೂರು ಮಾತಾಡಿ ಸುಮ್ಮನಾಗುತ್ತಾಳೆ. ಬಸ್ ಸ್ಟಾಪಿನಲ್ಲಿ ಇಬ್ಬರನ್ನೂ ನೋಡುತ್ತೇನೆ. ತಾಯಿ ಒಂದು ಕಡೆ, ಮಗು ಒಂದು ಕಡೆ ನೋಡುತ್ತಾ ನಿಂತಿರುತ್ತಾರೆ.

ಈಗ ನಗುವ ವಿಷಯ ಹೇಳುತ್ತೇನೆ, ನಕ್ಕ ಮೇಲೆ ಯೋಚನೆ ಮಾಡು. ಉಷಶ್ರೀ ಬಟ್ಟಲಿನ ಕೆಳಗೆ ಚೆಂಡು ಬಚ್ಚಿಡುವ ಆಟ ಆಡಿಸುತ್ತಾಳೆ. ಮಗು ಬಟ್ಟಲು ಎತ್ತಿತು, ಚೆಂಡು ಇರಲಿಲ್ಲ. ಎರಡೂ ಕೈ ಅಗಲಿಸಿ “ಇಲ್ಲಾ” ಅಂದಿತು. ಬಾಳೆಹಣ್ಣು ಹೆಚ್ಚುತ್ತಿದ್ದವಳು ನಾನು, ಕೈ ನಿಂತಿತು. ಉಷಶ್ರೀ ಏನು ಮಾಡಿದಳು ಗೊತ್ತಾ? “ಇಲ್ಲು ಕಾವಾಲಾ ತಲ್ಲೀ? ಇಂಟಿಕಿ ವೆಳ್ದಾಮಾ?” ಎಂದಳು. ಅವಳ ಭಾಷೆಯಲ್ಲಿ ಇಲ್ಲು ಎಂದರೆ ಮನೆ ತಾನೆ! ಮನೆ ಬೇಕಾ ಕಂದ, ಮನೆಗೆ ಹೋಗೋಣವಾ ಎಂದು ಕೊಂಡಪಲ್ಲಿಯ ಮರದ ಮನೆ ಆಟಿಕೆ ತಂದು ಮುಂದಿಟ್ಟಳು. ಮಗು ಅದನ್ನು ತಳ್ಳಿ ಮತ್ತೆ “ಇಲ್ಲಾ, ಇಲ್ಲಾ” ಅಂದಿತು. ಇವಳು ಮನೆಯ ಬಾಗಿಲು ತೆಗೆದು ತೋರಿಸಿದಳು. ಕೊನೆಗೆ ಮಗು ಅತ್ತಿತು. ಅವಳು ಪಟ್ಟಿಯಲ್ಲಿ ಬರೆದಳು. ‘ಆಡಿದ ಪದಗಳು: ಸೊನ್ನೆ. ಮನೆಗೆ ಹೋಗುವ ಹಟ.’

ಉಷಶ್ರೀ ಕೆಟ್ಟವಳಲ್ಲ ಜಲಜಾ. ಮಧ್ಯಾಹ್ನ ತನ್ನ ಡಬ್ಬಿಯ ಉಪ್ಪಿನಕಾಯಿ ನನಗೆ ಮೊದಲು ಹಾಕುವ ಹುಡುಗಿ. ಅವಳಿಗೆ ಕೇಳಿಸಿದ್ದು ಅವಳ ಮಾತು, ಅಷ್ಟೇ. ಕೇಳಿಸಿಯೂ ಸುಮ್ಮನಿದ್ದವಳು ನಾನು. ಪಾಠ ಇನ್ನೂ ಆರು ಬಾಕಿ, ಸಹಾಯಕಿ ಆಗುವ ಆಸೆ, ಗೋಡೆಯ ಮೇಲೆ ಹಾಳೆ. ಏಳನೇ ಕ್ಲಾಸು ಓದಿದವಳು ಏನೆಂದು ಎದ್ದು ಹೇಳಲಿ?

ಇದಕ್ಕೆ ಏನು ಮಾಡಲಿ, ಬರಿ.

ನಿನ್ನ ಅತ್ತಿಗೆ,
ಗಿರಿಜಾ


ವಿಶಾಖಪಟ್ಟಣ
18 ನವೆಂಬರ್ 2024

ಜಲಜಾ,

ನಿನ್ನ ಉತ್ತರ ಬರಲಿಲ್ಲ. ಕೆಲಸ ಹೆಚ್ಚಿರಬಹುದು. ಇವತ್ತು ಕಾರ್ತಿಕ ಸೋಮವಾರದ ದೀಪ ಹಚ್ಚಿ ಕೂತಾಗ, ತಟ್ಟೆಯ ವಿಷಯ ಬರೆಯದೆ ಬೇರೆ ಏನು ಬರೆದರೂ ಅದು ಸುಳ್ಳು ಅನ್ನಿಸಿತು. ಬರೆಯುತ್ತೇನೆ.

ಆಗ ಪ್ರಮೋದನಿಗೆ ಒಂದೂವರೆ ವರ್ಷ. ನೀನು ಮೈಸೂರಿನಲ್ಲಿ ಮಾತು ಮತ್ತು ಕಿವಿಯ ವಿದ್ಯೆ ಓದುತ್ತಿದ್ದೆ, ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದೆ. ಅವನು ಆಡುತ್ತಿದ್ದಾಗ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿದೆ. ಅವನು ತಿರುಗಲಿಲ್ಲ. ಇನ್ನೊಂದು ಸಲ ಬಾರಿಸಿದೆ. “ಅತ್ತಿಗೆ, ಇವನಿಗೆ ಕಿವಿ ಕೇಳಿಸ್ತಿಲ್ಲ” ಅಂದೆ. ನಾನು ತಟ್ಟೆ ಕಿತ್ತುಕೊಂಡೆ. “ಹೆತ್ತವಳಿಗೆ ಗೊತ್ತಿಲ್ಲದ್ದು ನಿನಗೇನೇ ಗೊತ್ತು? ನನ್ನ ಕೂಸಿಗೆ ದೃಷ್ಟಿ ಹಾಕೋಕೆ ಬಂದ್ಯಾ?” ಅಂದೆ. ಇನ್ನೂ ಒಂದು ಮಾತು ಅಂದೆ, ಅದನ್ನು ಬರೆಯಲು ಕೈ ಬರುವುದಿಲ್ಲ, ನಿನಗೆ ನೆನಪಿದೆ. ಒಲೆಯ ಮೇಲೆ ಅನ್ನ ಆಗಿತ್ತು. ನೀನು ಊಟ ಮಾಡದೆ ಹೊರಟೆ.

ಆಮೇಲೆ ಎರಡೂವರೆ ವರ್ಷ ಸಿಂಹಾಚಲದ ಮೆಟ್ಟಿಲು ಹತ್ತಿದೆ, ಊರಿಗೆ ಹೋಗಿ ಹಾಲುರಾಮೇಶ್ವರನ ಮುಂದೆ ಸೆರಗೊಡ್ಡಿದೆ. ದೇವರು ಉತ್ತರ ಕೊಡಲಿಲ್ಲ ಎಂದು ಅಳುತ್ತಿದ್ದೆ. ಅವನು ಮೊದಲೇ ನಿನ್ನ ಬಾಯಿಂದ ಹೇಳಿಸಿದ್ದ. ಪ್ರಮೋದನಿಗೆ ಕಿವಿಯ ಮಷೀನು ಹಾಕಿಸುವಾಗ ನಾಲ್ಕು ತುಂಬಿತ್ತು.

ಆಗಲೂ ಒಬ್ಬರು ಹೇಳಿದರು, ಒಂದೇ ಭಾಷೆ ಸಾಕು, ತೆಲುಗು ಇರಲಿ ಎಂದು. ಈ ಸಲ ತಪ್ಪಬಾರದೆಂದು ಹೇಳಿದ ಹಾಗೆಯೇ ಕೇಳಿದೆ. ನನ್ನ ತೆಲುಗು ಸಂತೆಯ ತೆಲುಗು. ಅದರಲ್ಲಿ ಬದನೆಕಾಯಿ ಕೊಳ್ಳಬಹುದು, ಮಗನಿಗೆ ಕಥೆ ಹೇಳಲಾಗುವುದಿಲ್ಲ. ನಮ್ಮವ್ವ ನನಗೆ ಹೇಳಿದ ಒಂದು ಪದವೂ, ಒಂದು ಹಾಡೂ ಅವನಿಗೆ ಹೋಗಲಿಲ್ಲ. ಈಗ ದೇವರ ದಯೆಯಿಂದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾನೆ, ಒಳ್ಳೆಯ ಹುಡುಗ. ನಾನೂ ಅವನೂ ಎದುರೆದುರು ಕೂತು ಉಂಡು ಏಳುತ್ತೇವೆ. ‘ಅಮ್ಮ’ ಎನ್ನುವುದು ಎರಡೂ ಭಾಷೆಯಲ್ಲಿ ಇರುವ ಕಾರಣ ಅದೊಂದು ಉಳಿಯಿತು.

ಅದಕ್ಕೇ ಹೇಳುತ್ತಿದ್ದೇನೆ, ಸಿಟ್ಟಾಗಬೇಡ. ನಿನ್ನ ನಾಲ್ಕನೇ ಪಾಠ ತಪ್ಪು. ಓದಿದವಳು ನೀನು, ನಾನಲ್ಲ. ಆದರೂ ತಪ್ಪು. ಬಸ್ ಸ್ಟಾಪಿನಲ್ಲಿ ನಿಂತ ಆ ತಾಯಿಯನ್ನು ನೋಡಿದರೆ ಗೊತ್ತಾಗುತ್ತದೆ.

ಡಿಸೆಂಬರ್ ಹನ್ನೆರಡಕ್ಕೆ ಡಾಕ್ಟರು ಬಂದು ಚೈತನ್ಯಾಳನ್ನು ನೋಡುತ್ತಾರೆ. ಪಟ್ಟಿಯಲ್ಲಿ ಸೊನ್ನೆ ಇದ್ದರೆ ಮಾತೇ ಬಾರದ ಮಕ್ಕಳ ಗುಂಪಿಗೆ ಹಾಕುತ್ತಾರೆ, ಆ ತಾಯಿಯ ಬಾಯಿಗೆ ಬಿದ್ದ ಬೀಗ ಹಾಗೆಯೇ ಉಳಿಯುತ್ತದೆ. ನಿನ್ನ ಉತ್ತರ ಬಂದರೂ ಬರದಿದ್ದರೂ ಆವತ್ತು ನಾನು ಎದ್ದು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

ಗಿರಿಜಾ


ವಿಜಯವಾಡ
30 ನವೆಂಬರ್ 2024

ಪ್ರೀತಿಯ ಅತ್ತಿಗೆ,

ನಿಜ ಹೇಳಿಬಿಡುತ್ತೇನೆ. ನಿಮ್ಮ ಕಾಗದ ಓದಿ ನನಗೆ ಕೆಂಡದಂಥ ಕೋಪ ಬಂತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇವರು ನನಗೆ ಹೇಳಿಕೊಡುತ್ತಾರಾ ಎಂದು ಕಾಗದವನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಆರು ದಿನ ತೆಗೆಯಲಿಲ್ಲ. ದಿನಕರ್ ಕಾಫಿ ಕೊಡುತ್ತಾ, “ನಿಮ್ಮ ಅತ್ತಿಗೆ ತಪ್ಪು ಅಂದಿದ್ದಕ್ಕೆ ಕೋಪಾನಾ, ಸರಿ ಇರಬಹುದು ಅಂತ ಕೋಪಾನಾ?” ಎಂದರು. ಆ ಕಾಫಿ ಕುಡಿಯಲಾಗಲಿಲ್ಲ.

ಒನ್ ಟೌನಿನ ನಮ್ಮ ಆಫೀಸಿಗೆ ಹೋಗಿ ಹಳೆಯ ಕಡತ ತೆಗೆಸಿದೆ. ನಾನು ಕೈಯಲ್ಲಿ ಬರೆದುಕೊಟ್ಟ ಹಾಳೆ ಸಿಕ್ಕಿತು. ‘ನಿಮಗೆ ಸಲೀಸಾದ ಒಂದು ಭಾಷೆಯಲ್ಲಿ ಮಗುವಿನೊಡನೆ ಧಾರಾಳವಾಗಿ ಮಾತನಾಡಿ’ ಎಂದು ಬರೆದಿದ್ದೆ. ತೆಲುಗಿನಲ್ಲಿ ‘ಒಕ’ ಎಂದರೆ ಒಂದು, ‘ಒಕೇ’ ಎಂದರೆ ಒಂದೇ. ಟೈಪು ಮಾಡುವಾಗ ಒಂದು ಗೀಟು ಹೆಚ್ಚು ಬಿತ್ತು. ಹಾಳೆಯಲ್ಲಿ ಜಾಗ ಸಾಲದೆ ‘ನಿಮಗೆ ಸಲೀಸಾದ’ ಎಂಬುದು ಹೋಯಿತು. ‘ಒಂದೇ’ ಎಂದಿದೆಯಲ್ಲ ಎಂದು ಇನ್ಯಾರೋ ‘ಬೇರೆ ಭಾಷೆ ಬೆರೆಸಬೇಡಿ’ ಎಂದು ಸೇರಿಸಿದರು. ಕೊನೆಗೆ ನೋಡಿ ಒಪ್ಪಿಗೆಯ ಸಹಿ ಹಾಕಿದವಳು ನಾನು. ಓದದೆ ಹಾಕಿದೆ. ಎರಡು ವರ್ಷದಿಂದ ಆ ಹಾಳೆ ಎಷ್ಟು ಗೋಡೆಗಳ ಮೇಲಿದೆಯೋ, ಎಷ್ಟು ಮನೆ ಸುಮ್ಮನಾಗಿದೆಯೋ ಅತ್ತಿಗೆ.

ನಿನ್ನೆ ಅದನ್ನು ತೆಗೆಸಿದೆ. ಹೊಸ ಹಾಳೆ ಹಾಕಿ, ಹಳೆಯದರಲ್ಲಿ ಏನು ತಪ್ಪಿತ್ತೆಂದು ಮೇಲೆಯೇ ಬರೆದಿದ್ದೇನೆ. ಅಚ್ಚು ಹಾಕಿದ ಒಂದು ಪ್ರತಿ ಇದರ ಜೊತೆ ಇದೆ. ಉಷಶ್ರೀಗೆ ಕೊಡಿ. ಹನ್ನೆರಡರಂದು ನೀವು ಹೇಳುವುದು ನನ್ನ ಮಾತೂ ಹೌದು ಎಂದು ತಿಳಿಸಿ.

ತಪ್ಪು ಎಂದು ಒಬ್ಬರು ಮುಖಕ್ಕೆ ಹೇಳಿದರೆ ಎದೆಯಲ್ಲಿ ಹೇಗಾಗುತ್ತದೆ ಎಂದು ಈ ಆರು ದಿನ ತಿಳಿಯಿತು. ಆ ಬೇಸಿಗೆಯಲ್ಲಿ ನನಗೆ ಇಪ್ಪತ್ತೊಂದು ವರ್ಷ. ನಿಮ್ಮ ಪಕ್ಕದಲ್ಲಿ ಒಂದು ಗಳಿಗೆ ಕೂರಬೇಕಿತ್ತು. ನಿಂತುಕೊಂಡೇ ಹೇಳಿಬಿಟ್ಟೆ. ಈಗ ವಿಡಿಯೋದಲ್ಲಿ ಎಲ್ಲರಿಗೂ ಮೊದಲು ಕೂತುಕೊಳ್ಳಿ ಎನ್ನುತ್ತೇನಲ್ಲ, ಅದು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ಒಂದು ಕೆಲಸ ಮಾಡಿಕೊಡಿ. ನಮ್ಮ ಕಡೆ ಎಳೆ ಮಕ್ಕಳು ಆಡುವ ಮಾತುಗಳನ್ನೆಲ್ಲ ಬರೆದು ಕಳಿಸಿ. ಕನ್ನಡದ ಮಕ್ಕಳಿಗೆ ಒಂದು ಪಟ್ಟಿ ಮಾಡಬೇಕು. ನನಗೆ ಪುಸ್ತಕದ ಕನ್ನಡವಷ್ಟೇ ನೆನಪಿದೆ.

ಆ ತಟ್ಟೆ ಇನ್ನೂ ಇದೆಯಾ?

ನಿಮ್ಮ,
ಜಲಜಾ


ವಿಶಾಖಪಟ್ಟಣ
14 ಡಿಸೆಂಬರ್ 2024

ಪ್ರೀತಿಯ ಜಲಜಾ,

ನಿನ್ನ ಕಾಗದ ಐದನೇ ತಾರೀಕು ಬಂತು. ಓದಿ ದೇವರ ಮನೆಯಲ್ಲಿ ಕೂತುಬಿಟ್ಟೆ. ನಿಮ್ಮಣ್ಣ ಬಂದು ನೋಡಿ, ತಾವೇ ಸಾರಿಗೆ ಒಗ್ಗರಣೆ ಹಾಕಿದರು. ಸೀದಿತ್ತು. ಇಬ್ಬರೂ ಅದನ್ನೇ ಉಂಡೆವು.

ಹನ್ನೆರಡರ ಕಥೆ ಹೇಳುತ್ತೇನೆ ಕೇಳು. ಡಾಕ್ಟರು ಸೂರ್ಯಪ್ರಕಾಶ ಅಂತ, ವಯಸ್ಸಾದವರು. ಉಷಶ್ರೀ ಪಟ್ಟಿ ಓದಿದಳು, ಪದಗಳು ಸೊನ್ನೆ ಎಂದಳು. ಪ್ರೇರಣಾ ತಲೆ ತಗ್ಗಿಸಿದಳು. ನಾನು ಮನಸ್ಸಿನಲ್ಲಿ ‘ಓಂ ನಮಃ ಶಿವಾಯ’ ಎಂದು ಎದ್ದು ನಿಂತು, “ಸೊನ್ನೆ ಅಲ್ಲ ಸಾರ್” ಅಂದೆ.

“ಗಿರಿಜಗಾರೂ, ಪಾಠ ನಾಲ್ಕು ಮರೆತಿರಾ?” ಎಂದಳು ಉಷಶ್ರೀ, ಮುಖ ಕೆಂಪಗೆ ಮಾಡಿಕೊಂಡು.

ನಿಂತುಕೊಂಡು ಹೇಳಬಾರದೆಂದು ನೆನಪಾಯಿತು. ಅವಳ ಪಕ್ಕ ಹೋಗಿ ಕೂತೆ. ಕೂತು ಹೊಸ ಹಾಳೆ ಅವಳ ಕೈಗೆ ಕೊಟ್ಟೆ. ಇದನ್ನು ಮೊದಲೇ ಕೊಡಬೇಕಿತ್ತು, ಅವಳು ಒಂದು ವಾರ ರಜೆಯಲ್ಲಿದ್ದಳು, ಆವತ್ತು ಬೆಳಿಗ್ಗೆಯೇ ಬಂದದ್ದು. ಅವಳು ಎರಡು ಸಲ ಓದಿದಳು. “ಮತ್ತೆ ‘ಇಲ್ಲು’ ಅಂದ್ರೆ?” ಎಂದಳು. “ನಮ್ಮಲ್ಲಿ ‘ಇಲ್ಲ’ ಅಂದ್ರೆ ನಿಮ್ಮ ‘ಲೇದು’ ಕಣಮ್ಮ. ಮಗು ಚೆಂಡು ಲೇದು ಅಂತಿತ್ತು, ನೀನು ಮನೆ ಕೊಡ್ತಿದ್ದೆ” ಅಂದೆ. ಆ ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕಣ್ಣಲ್ಲಿ ನೀರು.

ಡಾಕ್ಟರು ಬಟ್ಟಲು, ಚೆಂಡು ತರಿಸಿದರು. ಪ್ರೇರಣಾಳಿಗೆ, “ನೀವು ಆಡಿಸಿ ಅಮ್ಮಾ, ನಿಮ್ಮ ಮಾತಿನಲ್ಲಿ” ಎಂದರು. ಆ ತಾಯಿ ನನ್ನ ಮುಖ ನೋಡಿದಳು, ಗೋಡೆ ನೋಡಿದಳು. ಆಮೇಲೆ ಕೂತು ಮೆಲ್ಲಗೆ, “ಚೆಂಡು ಎಲ್ಲಿ ಕಂದಾ?” ಎಂದಳು. ಜಲಜಾ, ಆ ಮಗು ಚೆಂಡು ಹುಡುಕಲೇ ಇಲ್ಲ! ತಾಯಿಯ ಬಾಯನ್ನೇ ನೋಡಿತು. ಹತ್ತಿರ ಬಂದು ತುಟಿ ಮುಟ್ಟಿ ನೋಡಿತು. ಬಟ್ಟಲು ಎತ್ತಿ “ಇಲ್ಲಾ” ಅಂದಿತು. “ಯಾರು ಒಯ್ದರೋ ನಮ್ಮ ಚೆಂಡನ್ನ?” ಎಂದಳು ತಾಯಿ. ಮಗು ಗುಟ್ಟು ಹೇಳುವ ಹಾಗೆ, “ಗುಮ್ಮ” ಅಂದಿತು.

ಡಾಕ್ಟರು ತಲೆ ಎತ್ತಿದರು. “ಗುಮ್ಮಮಾ? ಅಷ್ಟು ದಿನ ಮನೆ ಕೇಳಿದಳು, ಈಗ ಹೊಸ್ತಿಲು ಕೇಳ್ತಿದ್ದಾಳಾ?” ಎಂದರು. ಅವರ ಭಾಷೆಯಲ್ಲಿ ಗುಮ್ಮಂ ಎಂದರೆ ಬಾಗಿಲ ಹೊಸ್ತಿಲಂತೆ! ಉಷಶ್ರೀ ಅಳುತ್ತಿದ್ದವಳು ನಕ್ಕಳು, ಪ್ರೇರಣಾ ನಗುತ್ತಿದ್ದವಳು ಅತ್ತಳು. ಮಗುವಿಗೆ ಏನನ್ನಿಸಿತೋ, ಕೊಂಡಪಲ್ಲಿ ಮನೆಯನ್ನು ತಂದು ಡಾಕ್ಟರ ತೊಡೆಯ ಮೇಲೆ ಇಟ್ಟಿತು.

ಕೂತು ಎಣಿಸಿದರು. ಎರಡೂ ಭಾಷೆ ಸೇರಿ ಹತ್ತೊಂಬತ್ತು ಪದ. ವಯಸ್ಸಿಗೆ ಅದು ಕಡಿಮೆಯೇ, ಕೇಂದ್ರಕ್ಕೆ ಬರುತ್ತಿರಬೇಕು, ಕಿವಿಯನ್ನೂ ಇನ್ನೊಮ್ಮೆ ನೋಡಿಸಿ ಎಂದರು. ಆದರೆ ಮಾತು ಬರುವ ಮಕ್ಕಳ ಗುಂಪಿಗೇ ಹಾಕಿದರು. ಮನೆಯಲ್ಲಿ ಕನ್ನಡ ಧಾರಾಳವಾಗಿ ಆಡಿ ಎಂದು ಬರೆದುಕೊಟ್ಟರು. ಸೊನ್ನೆಯನ್ನು ಉಷಶ್ರೀ ತಾನೇ ಹೊಡೆದು ಹಾಕಿದಳು. ಗೋಡೆಯ ಹಾಳೆ ಕಿತ್ತದ್ದೂ ಅವಳೇ. ನನ್ನ ಕೆಲಸ ಹೋಗಲಿಲ್ಲ. ದಿನವೂ ಅರ್ಧ ಗಂಟೆ ಅವಳಿಗೆ ಕನ್ನಡ ಹೇಳಿಕೊಡುವ ಕೆಲಸ ಹೆಚ್ಚಾಯಿತು.

ಸಂಜೆ ಬಸ್ ಸ್ಟಾಪಿನಲ್ಲಿ ಆ ತಾಯಿ ಮಗುವಿಗೆ ಹೋಗುವ ಬಸ್ಸು, ಮಲಗಿದ ನಾಯಿ, ಮೇಲಿನ ಮೋಡ ಎಲ್ಲ ತೋರಿಸಿ ಮಾತಾಡುತ್ತಿದ್ದಳು. ಅಷ್ಟೂ ತಿಂಗಳ ಬಾಕಿ ಒಂದೇ ದಿನ ತೀರಿಸುವವಳ ಹಾಗೆ. ಅವರ ಬಸ್ಸು ಬಂದು ಹೋಯಿತು, ನೋಡಲಿಲ್ಲ.

ನೀನು ಕೇಳಿದ ಮಾತುಗಳು ಹಿಂದಿನ ಹಾಳೆಯಲ್ಲಿವೆ. ಮಮ್ಮು, ತಾಚಿ, ಗುಮ್ಮ, ಕೂಸುಮರಿ, ಹೀಗೆ ನಲವತ್ತಾರು. ಮೊದಲನೆಯದಾಗಿ ‘ಇಲ್ಲ’ ಬರೆದಿದ್ದೇನೆ.

ನಿನ್ನ ಋಣ ದೊಡ್ಡದು ತಾಯಿ.

ಅತ್ತಿಗೆ,
ಗಿರಿಜಾ


ವಿಶಾಖಪಟ್ಟಣ
8 ಜನವರಿ 2025

ಪ್ರೀತಿಯ ಜಲಜಾ,

ಕನ್ನಡದ ಹಾಳೆ ವೆಬ್‌ಸೈಟಿನಲ್ಲಿ ಬಂದದ್ದನ್ನು ಉಷಶ್ರೀ ತೋರಿಸಿದಳು. ಕೆಳಗೆ ನನ್ನ ಹೆಸರು ಹಾಕಿದ್ದೀಯ. ಏಳನೇ ಕ್ಲಾಸಿನವಳ ಹೆಸರು ಯಾಕೆ ಹಾಕಿದೆ? ನಿಮ್ಮಣ್ಣ ಅದನ್ನು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ತೋರಿಸುತ್ತಿದ್ದಾರೆ.

ಪ್ರಮೋದ ಅದನ್ನು ತನ್ನ ಪ್ರೆಸ್ಸಿನಲ್ಲಿ ದೊಡ್ಡದಾಗಿ ಅಚ್ಚು ಮಾಡಿಸಿ ತಂದ. ಅವನಿಗೆ ಕನ್ನಡ ಓದಲು ಬಾರದು, ಅಕ್ಷರಗಳೆಲ್ಲ ನೇರವಾಗಿವೆಯೇ ಎಂದಷ್ಟೇ ನೋಡಿದ್ದಾನೆ. ಮೊದಲನೆಯದರ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ. ನಾನು ಅವನ ಮುಂದೆ ಕೂತೆ, ಅವನಿಗೆ ನನ್ನ ಬಾಯಿ ಕಾಣುವ ಹಾಗೆ. “ಇಲ್ಲ” ಅಂದೆ. ಅವನು ತುಟಿ ನೋಡಿ “ಇಲ್ಲ” ಅಂದ. “ಅಂಟೇ ಲೇದು” ಎಂದು ತೆಲುಗಿನಲ್ಲಿ ಅರ್ಥ ಹೇಳಿದೆ. ಅವನು, ಹಾಗಾದರೆ ಅದರ ಎದುರು ಮಾತು ‘ಉಂದಿ’ ಎನ್ನುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದ. ಇಪ್ಪತ್ತೈದು ವರ್ಷದ ಮಗ, ಈಗ ಕೇಳಿದ. ಹೇಳಿಕೊಟ್ಟೆ. ಮೂರು ಸಲ ಅಂದ. ಮೂರನೆಯ ಸಲ ಸ್ಪಷ್ಟವಾಗಿ ಬಂತು.

ನೀನು ಕಳೆದ ಕಾಗದದಲ್ಲಿ ಕೇಳಿದ್ದಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆದ ಮೇಲೆ ನೀನು ಬರದಿದ್ದರೆ ಎಂದು ಹೆದರಿಕೆಯಿತ್ತು. ಆ ತಟ್ಟೆಯನ್ನು ಇಷ್ಟು ವರ್ಷ ಯಾರಿಗೂ ಬಡಿಸಲಿಲ್ಲ, ಯಾರಿಗೂ ಕೊಡಲಿಲ್ಲ, ಅಟ್ಟದ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ. ಇವತ್ತು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಪ್ರಮೋದ ಬಂದು ಏನಿದು ಎಂದ. ಹಳೆಯದೆಲ್ಲ ಹೇಳಿದೆ, ಒಂದೂ ಬಿಡಲಿಲ್ಲ. ಅವನು ತಟ್ಟೆ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಬಾರಿಸಿ ನೋಡಿದ. ನಕ್ಕ. “ಅತ್ತ ಎಪ್ಪುಡು ವಸ್ತುಂದಿ?” ಎಂದ. ಅತ್ತೆ ಯಾವಾಗ ಬರುತ್ತಾಳೆ ಎಂದು.

ಸಂಕ್ರಾಂತಿಗೆ ಬೆಳಗಿನ ಗಾಡಿಗೆ ಹೊರಟರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀರಿ, ನೀನೂ ದಿನಕರನೂ. ಅನ್ನ ಮಾಡಿಟ್ಟಿರುತ್ತೇನೆ. ತಟ್ಟೆ ಇನ್ನೂ ಇದೆಯಾ ಎಂದು ಕೇಳಿದ್ದೆಯಲ್ಲ, ಉತ್ತರವನ್ನು ಪ್ರಮೋದನ ಕೈಯಲ್ಲೇ ಬರೆಸುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಇವತ್ತೇ ಕಲಿತದ್ದು.

ನಿನ್ನ ಅತ್ತಿಗೆ,
ಗಿರಿಜಾ

ಇದೆ.